ಖಾಲಿ ಕೋಣೆಯ ತಪಾಸಣೆ

“ಹಗೂರ್ರಿ, ಹಗೂರ! ಅದೇನು ಜ್ವಾಳದ ಚೀಲ ಅಲ್ಲ. ನಿನ್ನಿ ಸಂಜಿಗಿ ವಾರ್ನಿಶ್ ಹೊಡದೀನಿ. ಕಾಯಿಲ್‌ಗೆ ಪೆಟ್ಟು ಬಿತ್ತಂದ್ರ ಮತ್ತ ಮೊದಲಿಂದ ಮಾಡಬೇಕಾಗ್ತದ” ಎಂದು ಸುಮಂಗಲಾ ಪಿಸುಗುಟ್ಟಿದಳು.

ಅವಳ ಗಂಡ ಶಿವಶರಣ ಹಿಟ್ಟಿನ ಗಿರಣಿಯ ಮೋಟರನ್ನು ಹಳೇ ಕೌದಿಯಲ್ಲಿ ಸುತ್ತಿ, ಬಾಣಂತಿ ಕೈಯಿಂದ ಕೂಸನ್ನು ಇಸಿದುಕೊಂಡವನ ಹಾಗೆ ಎದೆಗವಚಿ ಓಣಿ ದಾಟುತ್ತಿದ್ದ. ಭಾರಕ್ಕೆ ಕುತ್ತಿಗೆಯ ನರ ಉಬ್ಬಿತ್ತು. ಎದುರು ಮನೆಯ ಅಕ್ಬರಿ ಬೇಗಂ ಬಾಗಿಲು ಅರ್ಧ ತೆರೆದು ನಿಂತು ಓಣಿಯ ಎರಡೂ ತುದಿ ನೋಡುತ್ತಿದ್ದಳು.

“ಜಲ್ದಿ ಬರ್ರಿ ಬೇಟಾ. ಖರೇ ಕಳ್ಳರು ಇಷ್ಟು ಹೊತ್ತು ಮಾಡಂಗಿಲ್ಲ.”

ಕಲಬುರಗಿಯಿಂದ ಬ್ಯಾಂಕಿನ ಮೇಡಂ ಹನ್ನೊಂದಕ್ಕೆ ಕಮಲಾಪುರಕ್ಕೆ ಬರುವುದಾಗಿ ಹೇಳಿದ್ದರು. ಈಗ ಒಂಬತ್ತೂವರೆ. ಅಷ್ಟರೊಳಗೆ ಸುಮಂಗಲಾಳ ಮನೆಯ ಮುಂದಿನ ಕೋಣೆ ಖಾಲಿಯಾಗಬೇಕಿತ್ತು. ಬರೀ ಖಾಲಿಯಾದರೆ ಸಾಲದು, ಅಲ್ಲಿ ಯಾವತ್ತೂ ಏನೂ ನಡೆದೇ ಇಲ್ಲ ಎನ್ನುವಂತೆ ಕಾಣಬೇಕಿತ್ತು.

ಯಾಕೆಂದರೆ ಸರ್ಕಾರದ ನೆರವಿನ ಬ್ಯಾಂಕ್ ಸಾಲ ಸಿಗುವುದು ಕೆಲಸವಿಲ್ಲದವರಿಗೆ, ಅದೂ ಹೊಸದಾಗಿ ಶುರು ಮಾಡುವ ಅಂಗಡಿಗೆ ಮಾತ್ರ. ಅರ್ಜಿ ಹಾಕಿದವರಿಗೆ ತರಬೇತಿ ಕೊಟ್ಟ ಸರ್ ಹತ್ತು ದಿನವೂ ಅದನ್ನೇ ಹೇಳಿದ್ದರು: “ಮೊದಲೇ ನಡದಿದ್ದ ಅಂಗಡಿ ಅಂತ ಗೊತ್ತಾದ್ರ ಅರ್ಜಿ ಅಲ್ಲಿಗೇ ಖಲಾಸ್.” ಸುಮಂಗಲಾ ಕೆಲಸವಿಲ್ಲದವಳು ಎನ್ನುವುದು ನಿಜವೇ. ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಇಮಾಮುದ್ದೀನ್ ಉಸ್ತಾದರ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುತ್ತ, ಎಂಟು ವರ್ಷ ದುಡಿದಿದ್ದಳು. ಉಸ್ತಾದರ ಕಣ್ಣು ಮಂಜಾಗಿ ಅವರು ಅಂಗಡಿ ಮುಚ್ಚಿ ಹನ್ನೊಂದು ತಿಂಗಳಾಗಿತ್ತು. ಆಮೇಲೆ ಶಹರದಲ್ಲಿ ಅವಳು ಹತ್ತದ ಅಂಗಡಿಯ ಮೆಟ್ಟಿಲಿಲ್ಲ. “ಹೆಣ್ಮಗಳು ಮೋಟರ್ ಬಿಚ್ಚಿದ್ರ ಗಿರಾಕಿ ನಿಲ್ಲಂಗಿಲ್ಲವ್ವಾ” ಎಂದೇ ಎಲ್ಲರೂ ಚಹಾ ಕೊಟ್ಟು ಕಳಿಸಿದ್ದರು.

ಆದರೆ ಅರ್ಜಿ ಹಾಕಿ ಕಾಯುವಾಗ ಹೊಟ್ಟೆ ಕಾಯುತ್ತದೆಯೇ? ಎರಡು ತಿಂಗಳಿಂದ, ಬೋರ್ಡಿಲ್ಲದೆ, ಸದ್ದಿಲ್ಲದೆ, ಸುಟ್ಟ ಮೋಟರು ಒಂದೊಂದೇ ಅವಳ ಕೋಣೆಗೆ ಬರತೊಡಗಿದ್ದವು. ಕಲಬುರಗಿ–ಕಮಲಾಪುರದ ನಡುವೆ ಟಂಟಂ ಆಟೊ ಓಡಿಸುವ ಶಿವಶರಣನೇ ತಂದಿಳಿಸುತ್ತಿದ್ದ.

ಕೊನೆಗೆ ಉಳಿದಿದ್ದು ಬಾಳೆ ತೋಟದ ಖಂಡೆಪ್ಪನ ಬೋರ್‌ವೆಲ್ ಮೋಟರು. ಮೊಳದುದ್ದದ ಉಕ್ಕಿನ ಕೊಳವೆ. ಒಳಗೆ ವೈಂಡಿಂಗ್ ಮುಗಿಯುತ್ತ ಬಂದು, ತಂತಿಯ ತುದಿಗಳು ಜಡೆ ಬಿಚ್ಚಿದ ಹಾಗೆ ಹೊರಗೆ ಜೋತಾಡುತ್ತಿದ್ದವು. ಅದು ಅಕ್ಬರಿ ಬೇಗಂ ಮನೆಯ ಒಳಕೋಣೆಯಲ್ಲಿ, ಹೊರಸಿನ ಕೆಳಗೆ ಹೋಯಿತು. ವಾರ್ನಿಶಿನ ವಾಸನೆಯನ್ನು ಮಾತ್ರ ಯಾವ ಹೊರಸಿನ ಕೆಳಗೂ ತಳ್ಳಲಾಗಲಿಲ್ಲ. ಅಕ್ಬರಿ ಬೇಗಂ ಕೆಂಡದ ಮೇಲೆ ಹಿಡಿ ಲೋಬಾನ ಹಾಕಿ, ಎರಡೂ ಮನೆ ತುಂಬ ಹೊಗೆ ಎಬ್ಬಿಸಿದಳು.

ಕಸ ಹೊಡೆದ ಕೋಣೆಯ ನಡುವೆ ನಿಂತು ಶಿವಶರಣ ಹೆಂಡತಿಗೆ ಪಾಠ ಹೇಳಿಕೊಟ್ಟ.

“ಮೇಡಂ ಕೇಳ್ತಾರ, ‘ಕೆಲಸ ಶುರು ಮಾಡೀರೇನು?’ ನೀ ಏನಂತಿ?”

“ಇಲ್ಲಂತೀನಿ.”

“ಹಂಗಲ್ಲ, ನಕ್ಕೋತ ಅನ್ನು. ನೀ ಸುಳ್ಳು ಹೇಳಿದ್ರ ಕಿವಿ ಕೆಂಪಗ ಆಗ್ತಾವ.”

“ಸೆರಗು ಹೊಚ್ಚಿಕೊಳ್ತೀನಿ ತಗೋರಿ. ನೀವು ಮಾತ್ರ ಬಾಯಿಗಿ ಏನಾರ ಹೊಚ್ಚಿಕೊಳ್ರಿ.”

ಬ್ಯಾಂಕಿನ ಪ್ರೀತಿ ಮೇಡಂ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದಳು. ಬಸ್ಸಿನಲ್ಲಿ ನಿಂತೇ ಬಂದಿರಬೇಕು, ಮುಖ ಬೆವೆತಿತ್ತು. ಮೂವತ್ತು ದಾಟಿರದ ಹುಡುಗಿ. ಕೈಯಲ್ಲಿ ಫೈಲು, ಹೆಗಲಲ್ಲಿ ನೀರಿನ ಬಾಟಲಿ. ಕುರ್ಚಿ ತೋರಿಸಿದರೆ ಕೂಡಲಿಲ್ಲ. ಬಾಗಿಲಲ್ಲೇ ಮೂಗು ಅರಳಿಸಿದಳು.

“ಏನಿದು, ಇಷ್ಟು ಹೊಗಿ?”

“ಲೋಬಾನ್ರಿ ಮೇಡಂ” ಎಂದ ಶಿವಶರಣ. “ನಮ್ಮ ಓಣ್ಯಾಗ ಸೊಳ್ಳಿ ಭಾಳ.”

“ಅರ್ಜಿ ಯಾರದು?”

“ಇಕಿದೇ ಅದರಿ. ಎಂಟು ವರ್ಷದ ಅನುಭವರಿ ಇಕಿಗಿ. ಅಂಗಡಿ ಇಲ್ಲೇ ಹಾಕ್ತೀವಿ. ಮಷೀನ್ ಆ ಮೂಲಿಗಿ…”

“ಮೊನ್ನೆ ಫೋನ್ ಎತ್ತಿದವರೂ ನೀವೇ ಏನು? ‘ನಾನೇ ನಡಸ್ತೀನ್ರಿ’ ಅಂದಿದ್ರಿ.”

ಶಿವಶರಣ ಅರ್ಜಿಯಲ್ಲಿ ತನ್ನ ನಂಬರು ಬರೆಸಿದ್ದ. ಫೋನಿನಲ್ಲಿ ಅವನು ಹೇಳಿದ್ದು ಟಂಟಂ ಬಗ್ಗೆ. ಹಾಗೆಂದು ಈಗ ಯಾರು ನಂಬಬೇಕು?

“ನೋಡ್ರಿ” ಎಂದಳು ಪ್ರೀತಿ, ದನಿ ಏರಿಸದೆ. “ಹೆಣ್ಮಕ್ಕಳಿಗಿ ಸಬ್ಸಿಡಿ ಹೆಚ್ಚದ ಅಂತ ಹೆಂಡ್ತಿ ಹೆಸರು ಹಾಕ್ತಾರ, ಅಂಗಡಿ ತಾವು ನಡಸ್ತಾರ. ಹೋದ ವಾರ ಒಂದು ಊರಿಗಿ ಹೋಗಿದ್ದೆ. ಆ ಅಕ್ಕಗ ಯಾವ ಸಾಲ, ಯಾವ ಅಂಗಡಿ, ಏನೂ ಗೊತ್ತಿಲ್ಲ. ಒಳಗ ಪಲ್ಯಾ ಹೆಚ್ಚಲಾಕತ್ತಿದ್ರು. ನೀವು ಹೊರಗ ಕೂಡ್ರಿ, ಅಣ್ಣಾರ. ಅವರು ಹೇಳ್ಲಿ.”

ಶಿವಶರಣ ಹೊರಕಟ್ಟೆಗೆ ಹೋದ. ಅಲ್ಲಿ ಕೂತರೂ ಅವನ ಕುತ್ತಿಗೆ ಮಾತ್ರ ಕೋಣೆಯೊಳಗೇ ಇತ್ತು.

ಸುಮಂಗಲಾ ಗೋಡೆಗೆ ಆತು ನಿಂತಳು. ಯಾವ ಮೋಟರಿಗೆ ಯಾವ ತಂತಿ, ಸುಡುವುದು ಯಾಕೆ, ಸುಟ್ಟದ್ದನ್ನು ಬಿಚ್ಚುವುದು ಹೇಗೆ ಎಂದು ಪ್ರೀತಿ ಕೇಳಿದ್ದಕ್ಕೆಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಸೆರಗು ಜಾರಿದ್ದು ತಿಳಿಯಲಿಲ್ಲ. ಕೈ ತಾನೇ ಗಾಳಿಯಲ್ಲಿ ತಂತಿ ಎಳೆಯತೊಡಗಿತ್ತು. ಪ್ರೀತಿಯ ಕಣ್ಣು ಆ ಕೈಯ ಮೇಲೆ ನಿಂತಿತು.

“ಬೆರಳಿಗಿ ಏನಾಗ್ಯದ?”

ಎರಡು ಬೆರಳ ಸಂದಿಯಲ್ಲಿ ತಂತಿ ಕೊಯ್ದ ಗೆರೆಗಳು. ಒಂದಂತೂ ಇನ್ನೂ ಹಸಿ.

“ಈಳಿಗಿ ಹತ್ತಿತ್ರಿ.”

“ಮೋಟರ್ ಮುಟ್ಟಿ ಎಷ್ಟು ದಿನ ಆತು?”

“ಹನ್ನೊಂದು… ಹನ್ನೊಂದು ತಿಂಗಳಾತ್ರಿ.”

ಕಿವಿಯ ತುದಿ ಬಿಸಿಯಾದದ್ದು ಅವಳಿಗೇ ಗೊತ್ತಾಯಿತು. ಎಂಥ ಇಕ್ಕಟ್ಟು ನೋಡಿ! ಕೆಲಸ ಬರುತ್ತದೆ ಎಂದು ತೋರಿಸಿದರೆ ಅಂಗಡಿ ಮೊದಲೇ ನಡೆದಿದೆ ಎಂದಾಗುತ್ತದೆ. ತೋರಿಸದಿದ್ದರೆ ಗಂಡನಿಗೆ ಹೆಸರು ಎರವಲು ಕೊಟ್ಟವಳಾಗುತ್ತಾಳೆ. ಪ್ರೀತಿ ಫೋನ್ ತೆಗೆದು, “ಕೋಣಿ ನಡುವ ನಿಂದರ್ರಿ” ಎಂದು ಫೋಟೊ ಹಿಡಿದಳು. ಬರಿಗೋಡೆ, ಬರಿನೆಲ, ನಡುವೆ ಸುಮಂಗಲಾ.

ಅಷ್ಟರಲ್ಲಿ ಹೊರಗೆ ದನಿ ಎದ್ದಿತು.

“ಓಣಿ ತಪ್ಪಿ ಬಂದಿ ಮುತ್ಯಾ. ಇಲ್ಲಿ ಯಾವ ಮೋಟರೂ ಇಲ್ಲ” ಎನ್ನುತ್ತಿದ್ದ ಶಿವಶರಣ.

“ಓಣಿ ತಪ್ಪಲಾಕ ಮುಂಜ್ಯಾನೆದ್ದು ಕುಡದೀನೇನೋ? ನಿನ್ನ ಟಂಟಂದಾಗೇ ಮೋಟರ್ ತೊಡಿ ಮ್ಯಾಲ ಇಟಗೊಂಡು ಬಂದೀನಿ. ಕಿರಾಯಿನೂ ತಗೊಂಡಿಯಲ್ಲೋ!”

ಖಂಡೆಪ್ಪ. ಎರಡು ಎಕರೆ ಕೆಂಪು ಬಾಳೆಯ ಒಡೆಯ, ಎಪ್ಪತ್ತರ ಮುದುಕ. ಇವತ್ತು ಕೊಡುತ್ತೇನೆ ಎಂದು ಮಾತು ಕೊಟ್ಟವಳು ಸುಮಂಗಲಾಳೇ.

“ಸಣ್ಣಗ ಮಾತಾಡು ಮುತ್ಯಾ, ಒಳಗ ಬ್ಯಾಂಕಿನ ಮೇಡಂ ಅದಾರ. ನಾಳಿಗಿ ಬಾ.”

“ನಾಳಿ ಅಂದ್ರ ಬಾಳಿ ಕೇಳ್ತದೇನು? ನಾಕು ದಿನಾತು ನೀರಿಲ್ಲ. ಗೊನಿ ಹೊತ್ತ ಗಿಡ, ಎಲಿ ಮಡಚಿ ನಿಂತಾವ. ಮೋಟರ್ ಕೊಡ್ರಿ, ಇಲ್ಲಾ ನುಂಗೀವಿ ಅಂತ ಅನ್ರಿ!”

ಪಕ್ಕದ ಮನೆಯ ಕಿಟಕಿ ತೆರೆಯಿತು. ಶಿವಶರಣ ಏನೋ ಗೊಣಗಿದ. ಆಮೇಲೆ ಮುದುಕ ಕಟ್ಟೆಯ ಮೇಲೆ ಕುಸಿದು ಕೂತ ಸದ್ದು, ಬಯ್ಗುಳಕ್ಕಿಂತ ಕೆಟ್ಟದಾದ ಮೆಲುದನಿ ಒಳಗೆ ಬಂದವು.

“ಸಂತ್ಯಾಗೆಲ್ಲಾ ನಾನೇ ಹೇಳ್ಕೋತ ಅಡ್ಡಾಡೀನಿ. ಹೆಣ್ಮಗಳಾದ್ರೇನು, ಕೈ ಸಾಫ್ ಅದ, ಮಾತೂ ಸಾಫ್ ಅದ ಅಂತ. ಮಂದಿ ನಕ್ಕಿದ್ರು. ನಗಲಿ ಬಿಡು ಅಂದಿದ್ದೆ.”

ಪ್ರೀತಿ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಅವಳು ಸುಮಂಗಲಾಳನ್ನೇ ನೋಡುತ್ತಿದ್ದಳು. ಈಗ ಸುಮ್ಮನೆ ನಿಂತರೆ ಸಾಕಿತ್ತು. ಹುಚ್ಚು ಮುದುಕ, ಓಣಿ ತಪ್ಪಿ ಬಂದಿದ್ದಾನೆ ಎಂದರೆ ಮುಗಿಯುತ್ತಿತ್ತು. ಖಾಲಿ ಕೋಣೆಯ ಫೋಟೊ ಆಗಲೇ ಫೋನಿನಲ್ಲಿತ್ತು.

ಸುಮಂಗಲಾ ಬಾಗಿಲಿಗೆ ಬಂದಳು.

“ಮುತ್ಯಾ, ನಿನ್ನ ಮೋಟರ್ ಅದ. ಎದುರು ಅಕ್ಬರಿ ಖಾಲಾನ ಮನ್ಯಾಗ ಅದ. ಎರಡು ಸ್ಲಾಟ್ ಉಳದಾವ, ಒಂದು ತಾಸಿನ ಕೆಲಸ. ಕೂಡು, ನೀರು ಕುಡಿ.”

ಶಿವಶರಣ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅವಳು ಅತ್ತ ನೋಡಲಿಲ್ಲ. ಪ್ರೀತಿಯ ಕಡೆ ತಿರುಗಿದಳು.

“ಮೇಡಂ, ಎರಡು ತಿಂಗಳಾತ್ರಿ ಮಾಡ್ಲಾಕತ್ತು. ಮಂದಿ ತಂದಿಟ್ರು, ಇಲ್ಲನ್ನಲಾಕ ಆಗಲಿಲ್ಲ. ಮನಿನೂ ನಡೀಬೇಕಿತ್ತು. ಬೆರಳಿಗಿ ಹತ್ತಿದ್ದು ಈಳಿಗಿ ಅಲ್ಲ, ತಂತಿ. ಇವರು ಟಂಟಂ ಬಿಟ್ರ ಬೇರೆ ಏನೂ ನಡಸಂಗಿಲ್ಲ. ನೀವು ಏನು ಬರೀತೀರಿ ಬರೀರಿ. ನನಗ ಈಗ ಕೂಡಬೇಕು, ಗಿಡ ಒಣಗಲಾಕತ್ತಾವ.”

ಉತ್ತರಕ್ಕೆ ಕಾಯದೆ ಓಣಿ ದಾಟಿದಳು.

ಅಕ್ಬರಿ ಬೇಗಂ ಎಲ್ಲವನ್ನೂ ಬಾಗಿಲ ಹಿಂದಿನಿಂದಲೇ ಕೇಳಿಸಿಕೊಂಡಿದ್ದಳು. “ಅಲ್ಲಾ ಮಾಲಕ” ಎಂದಷ್ಟೇ ಅಂದು, ಹೊರಸಿನ ಕೆಳಗಿಂದ ಮೋಟರನ್ನು ಎಳೆದು, ಗೋಣಿತಟ್ಟಿನ ಮೇಲೆ ಅಡ್ಡ ಮಲಗಿಸಿದಳು. ಎರಡು ತಿಂಗಳ ರೂಢಿಯಂತೆ ಆ ತುದಿಗೆ ತಾನು ಕೂತಳು, ಈ ತುದಿಗೆ ಸುಮಂಗಲಾ. ಹೀಗೆ ಎದುರುಬದುರು ಕೂತ ಮೇಲೆ, ಇವಳು ತಂತಿಯನ್ನು ಸ್ಲಾಟ್ ಎನ್ನುವ ಸೀಳಿನೊಳಗೆ ತೂರಿಸಬೇಕು, ಅವಳು ಎಳೆದು ಇನ್ನೊಂದು ಸೀಳಿನಿಂದ ವಾಪಸು ಕಳಿಸಬೇಕು. ಅದು ಒಂದು ಸುತ್ತು. ಒಂದು ಸ್ಲಾಟಿಗೆ ಮೂವತ್ತಾರು ಸುತ್ತು. ಒಂದೇ ಒಂದು ಕಡಿಮೆಯಾದರೂ ಮೋಟರು ವಾರದೊಳಗೆ ಮತ್ತೆ ಸುಡುತ್ತದೆ. ನಡುವೆ ಎಣಿಕೆ ತಪ್ಪಿದರೆ ಅಷ್ಟನ್ನೂ ಬಿಚ್ಚಿ ಒಂದರಿಂದ ಶುರು ಮಾಡಬೇಕು. ಅದಕ್ಕೇ ಉಸ್ತಾದರು ಎಣಿಸುವಾಗ ಯಾರ ಮಾತಿಗೂ ಓಗೊಡುತ್ತಿರಲಿಲ್ಲ. ಸುಮಂಗಲಾ ಕೆಲಸ ಕಲಿತದ್ದು ಅವರಿಂದ; ಎಣಿಕೆಯೂ ಅವರದೇ ಉರ್ದುವಿನಲ್ಲಿ ಬರುತ್ತಿತ್ತು.

“ಏಕ್… ದೋ…”

ಖಂಡೆಪ್ಪ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ಶಿವಶರಣ ಅವನ ಹಿಂದೆ ನಿಂತ. ಸ್ವಲ್ಪ ಹೊತ್ತಿಗೆ ಪ್ರೀತಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ನಿಂತೇ ನೋಡಿದಳು. ತಂತಿ ಹಸಿಗಾಯದ ಮೇಲೇ ಹಾದುಹೋಗುತ್ತಿತ್ತು. ಸುಮಂಗಲಾಳ ಮುಖದಲ್ಲಿ ಅದರ ಸುದ್ದಿಯೇ ಇರಲಿಲ್ಲ.

“ಸುಮಂಗಲಾ ಅವರ” ಎಂದಳು ಪ್ರೀತಿ. “ಈ ಫಾರಂದಾಗ ಒಂದು ಪ್ರಶ್ನೆ ಅದ. ಘಟಕ ಈಗಾಗಲೇ ಶುರು ಆಗ್ಯದೋ ಇಲ್ಲೋ. ‘ಹೌದು’ ಇಲ್ಲಾಂದ್ರ ‘ಇಲ್ಲ’, ಎರಡರಾಗ ಒಂದು. ನಾ ಇಲ್ಲೇ ಗುರ್ತು ಹಾಕಿ, ನಿಮ್ಮ ಸಹಿ ತಗೊಂಡು ಹೋಗಬೇಕು. ಏನಂತ ಹಾಕ್ಲಿ?”

“ಉನ್ನೀಸ್” ಎಂದಳು ಸುಮಂಗಲಾ, ಹತ್ತೊಂಬತ್ತನೆಯ ಸುತ್ತು ತೂರಿಸುತ್ತ.

ಶಿವಶರಣನಿಗೆ ತಡೆಯಲಾಗಲಿಲ್ಲ. “ಮೇಡಂ, ಅಕಿ ಏನಂತಾಳಂದ್ರ…”

ಪ್ರೀತಿ ಪೆನ್ನು ಹಿಡಿದ ಕೈಯನ್ನು ಅವನತ್ತ ಎತ್ತಿದಳು. ಅವನು ಬಾಯಿ ಮುಚ್ಚಿದ.

“ಬೀಸ್.”

ತಂತಿ ಆಚೆಗೆ ಹೋಯಿತು, ಅಕ್ಬರಿ ಬೇಗಂ ಕೈಯಿಂದ ಈಚೆಗೆ ಬಂತು. ಖಂಡೆಪ್ಪನ ತುಟಿಯೂ ಸದ್ದಿಲ್ಲದೆ ಅಲುಗುತ್ತಿತ್ತು.

“ಇಕ್ಕೀಸ್.”

ಪ್ರೀತಿ ಹೊರಸಿನ ಅಂಚಿಗೆ ಕೂತಳು. ಫಾರಂ ತೊಡೆಯ ಮೇಲಿತ್ತು; ಉತ್ತರದ ಎರಡು ಚೌಕವೂ ಇನ್ನೂ ಖಾಲಿ. ನೆಲದ ಮೇಲೆ ಹರಡಿದ್ದ ತಂತಿ ಹೊರಸಿನ ಕಾಲಿಗೆ ತೊಡರಿ ಬಿಗಿಯಾಗತೊಡಗಿತ್ತು. ಅವಳು ಪೆನ್ನನ್ನು ಪಕ್ಕಕ್ಕಿಟ್ಟು ಬಗ್ಗಿ, ತಂತಿಯನ್ನು ಬಿಡಿಸಿ, ಎರಡು ಬೆರಳಲ್ಲಿ ಮೇಲೆತ್ತಿ ಹಿಡಿದಳು. ತಂತಿ ಅವಳ ಬೆರಳ ನಡುವಿನಿಂದ ಸರಾಗವಾಗಿ ಸರಿಯಿತು.

“ಬಾಯೀಸ್.”