ಹೊರಗಿನೋಳ ಅಳು

ಅವಳು ಅಳ್ನಿಲ್ಲ ಕಣವ್ವ. ಹೆತ್ತ ಮಗನ್ನ ಬಿಳೀ ಬಟ್ಟೇಲಿ ಸುತ್ತಿ ಹೊತ್ಕೊಂಡು ಓದ್ರೂ ಒಂದು ತೊಟ್ಟು ಕಣ್ಣೀರು ಆಕ್ನಿಲ್ಲ. 'ಏನ್ ಕಲ್ಲೆದೆಯವ್ವ ಇವಳ್ದು' ಅಂತ ಬೀದಿ ಜನ ಆಡ್ಕಂಡ್ರು. ಅವರ ಬಾಯಿಗೆ ಮಣ್ಣಾಕ. ಅವಳು ಯಾಕೆ ಅಳ್ನಿಲ್ಲ ಅಂತ ನಂಗೊತ್ತು.

ಅವಳು ಅಂದ್ರೆ ಮೆಹರುನ್ನೀಸಾ. ಅರಕಲಗೂಡಲ್ಲಿ ನಮ್ಮನೇಗೂ ಅವಳ ಮನೇಗೂ ಮಧ್ಯ ಇರೋದು ಒಂದೇ ಗೋಡೆ. ಅವಳು ಒಗ್ಗರಣೆ ಹಾಕಿದ್ರೆ ಈಚೆ ನಾನು ಸೀನ್ತೀನಿ, ಅಷ್ಟು ಹತ್ರ. ಶುಂಠಿ ತೊಳೆಯೋ ಕೆಲಸಕ್ಕೂ ಇಬ್ರೂ ಒಟ್ಟಿಗೇ ಓಗ್ತಿದ್ದೋ. ಅವಳ ಗಂಡ ತೀರ್ಕಂಡು ಬೋ ಕಾಲ ಆಗಿತ್ತು, ಇದ್ದೊಬ್ಬ ಮಗ ಮುನೀಬ. ಅವನು ಹುಟ್ಟಿದಾಗ ಅವಳಿಗೆ ಕಾಮಾಲೆ ಬಂದು ಹಾಸನದ ಆಸ್ಪತ್ರೆ ಸೇರ್ಕಂಡ್ಲು. ಕೂಸು ನನ್ನ ಮಡಿಲಿಗೆ ಬಂತು. ನಮ್ಮ ಶಶಿಕುಮಾರನೂ ಆಗ ತೊಟ್ಟಿಲಲ್ಲಿದ್ದ. ಇಬ್ರನ್ನೂ ನಾನೇ ನೋಡ್ಕಂಡೆ. ದೊಡ್ಡವನಾದ ಮೇಲೂ ಸೀದಾ ನನ್ನ ಅಡಿಗೆ ಮನೆಗೇ ಬರೋನು, 'ಲಕ್ಕವ್ವ, ಮುದ್ದೆ ಐತಾ?' ಅಂತ. ಕಳ್ಳನನ್ಮಗ, ಅವರಮ್ಮ ಮಾಡಿದ್ದು ಅವನಿಗೆ ಸೇರ್ತಿರ್ಲಿಲ್ಲ.

ಅವನ ಗೂಡ್ಸ್ ಗಾಡಿ ಶುಂಠಿ ತುಂಬ್ಕೊಂಡು ಹಾಸನಕ್ಕೆ ಓಗ್ವಾಗ ತಿರುವಿನಲ್ಲಿ ಮಗುಚ್ಕಂತು. ಚೀಲದ ಅಡೀಲಿ ಸಿಕ್ಕೊಂಡಿದ್ದ.

ಹೆಣ ಮನೆಗೆ ಬಂದಾಗ ಮೆಹರ ಬಾಯಿ ತೆಗೆದ್ಲು. ಕೂಗು ಇನ್ನೇನು ಬರ್ಬೇಕು, ಅವಳ ನಾದಿನಿ ಬಿಲ್ಕೀಸು, ಚನ್ನರಾಯಪಟ್ಟಣದೋಳು, ಓಡಿ ಬಂದು ಬಾಯಿ ಮುಚ್ಚಿದ್ಲು. "ಅಳಬೇಡಿ ಭಾಬಿ! ನೀವು ಗೋಳಾಡಿದ್ರೆ ಗೋರೀಲಿ ಮಗನಿಗೆ ಅಜಾಬ್ ಆಯ್ತದೆ."

ಅಜಾಬ್ ಅಂದ್ರೆ ದೇವರು ಕೊಡೋ ಸಿಕ್ಷೆ ಅಂತೆ. ಮನೆಯೋರು ಗೋಳಾಡಿ ಅತ್ರೆ ಅದು ಸತ್ತೋನ ಮೈಮೇಲೆ ಬೀಳ್ತದಂತೆ. ಬಿಲ್ಕೀಸು ಕೆಟ್ಟೋಳಲ್ಲ, ಅವಳೂ ಸೆರಗು ಕಚ್ಕೊಂಡೇ ನಿಂತಿದ್ಲು. ಆದ್ರೂ ನಂಗೆ ಮೈಯೆಲ್ಲ ಉರಿದೋಯ್ತು. ಹೆತ್ತೋಳು ಅಳೋದಕ್ಕೂ ಸಿಕ್ಷೆನಾ? ಇದ್ಯಾವ ನ್ಯಾಯ?

ಆವತ್ತಿಂದ ಮೆಹರ ಬಾಯಿ ಬಿಡ್ನಿಲ್ಲ. ಅನ್ನ ಮುಟ್ನಿಲ್ಲ. ಗೋಡೆಗೆ ಒರಗಿ ಕೂತ್ರೆ ಕೂತ್ಲು. ಇವಳು ಇಂಗೇ ಇದ್ರೆ ಎದೆ ಒಡ್ದು ಸತ್ತೇ ಓಗ್ತಾಳೆ ಅನ್ಸಿ, ನಾನು ಮಸೀದಿ ಬಾಗ್ಲಿಗೇ ಓದೆ. ಅಲ್ಲಿ ನಮಾಜ್ ಮಾಡ್ಸೋ ಹಜರತ್ರು ವಯಸ್ಸಾದೋರು, ಮೆತ್ತಗಿನ ಮನುಷ್ಯ. ನನ್ನ ಬೈಗುಳ ಎಲ್ಲಾ ಕೇಳಿ, "ಕಣ್ಣೀರು ಬೇಡ ಅಂತ ಯಾರೂ ಹೇಳಿಲ್ಲ ತಾಯಿ. ನಮ್ಮ ಪ್ರವಾದಿಗಳೂ ಮಗ ತೀರಿಕೊಂಡಾಗ ಅತ್ತರು. ಎದೆ ಬಡಿದುಕೊಂಡು ಗೋಳಾಡಬಾರದು ಅಷ್ಟೇ" ಅಂದ್ರು. ಅವರ ಕಣ್ಣೂ ಒದ್ದೆಯಾಗಿತ್ತು.

ಓಡೋಡಿ ಬಂದು ಯೋಳಿದೆ. ಮೆಹರ ನನ್ನ ಮುಖಾನೇ ನೋಡಿದ್ಲು.

"ಕಣ್ಣೀರು ಮಾತ್ರ ಬಂದು ಗಂಟಲು ಸುಮ್ನಿರ್ತದಾ ಅಕ್ಕ? ನಿನ್ನ ಮಗ ಆಗಿದ್ರೆ ಸುಮ್ನಿರೋದಾ?"

ನಾನು ನೀರಿನ ಲೋಟ ಮುಂದಿಟ್ರೆ ಅತ್ಲಾಗೆ ತಳ್ಳಿದ್ಲು.

"ಅವನು ನಮಾಜ್ ಸರಿಯಾಗಿ ಮಾಡ್ತಿರ್ಲಿಲ್ಲ. ಶುಕ್ರವಾರಾನೂ ಲೋಡು ಲೋಡು ಅಂತ ಓಡೋನು. ಅವನ ತಲೆ ಮೇಲೆ ಇರೋದೇ ಸಾಕು. ಅದಕ್ಕೆ ನಾನೂ ಸೇರಿಸ್ಲಾ?"

ಅಷ್ಟಂದು ನನ್ನ ಕೈ ಹಿಡ್ಕಂಡ್ಲು. ಕೈ ಸುಡ್ತಿತ್ತು.

"ಅಕ್ಕ, ನೀನು ಅಳು. ಮನೆಯೋರು ಅತ್ರೆ ತಾನೆ ಅವನಿಗೆ ಅಜಾಬ್? ನೀನು ಹೊರಗಿನೋಳು. ನಿಮ್ಮಲ್ಲಿ ಹೆಸರು ಹಿಡಿದು ಹಾಡ್ಕೊಂಡು ಅಳ್ತಾರಲ್ಲ, ಅಂಗೆ ಅಳು. ನಾನು ಕೇಳ್ಕಂಡು ಕೂರ್ತೀನಿ. ನನಗೆ ಅಷ್ಟು ಸಾಕು."

ಹೊರಗಿನೋಳು ಅಂದ್ಬುಟ್ಲು ನೋಡು. ಚುರ್ ಅಂತು ನಂಗೆ. ಆ ಹೈದನ್ನ ಎತ್ತಿ ಆಡಿಸಿದೋಳು ನಾನು, ಅವನ ಉಚ್ಚೆ ಬಟ್ಟೆ ಒಗೆದೋಳು ನಾನು, ಹೊರಗಿನೋಳಾ? ಆದ್ರೆ ಜಗಳಕ್ಕೆ ಅದು ಹೊತ್ತಲ್ಲ. ಅವಳ ಪಕ್ಕ ಕುಕ್ಕರಿಸ್ದೆ. ತಲೆ ಮೇಲೆ ಸೆರಗು ಎಳ್ಕಂಡೆ. ಅಳೋದು ನಂಗೇನೂ ಕಷ್ಟ ಆಗ್ನಿಲ್ಲ, ಮೂರು ದಿನದಿಂದ ಗಂಟಲಲ್ಲೇ ಕೂತಿತ್ತು.

"ಅಯ್ಯೋ ನನ್ನಪ್ಪಾ ಮುನೀಬಾ... ಮುದ್ದೆ ಐತಾ ಅಂತ ಇನ್ಯಾರು ಕೇಳ್ತಾರಪ್ಪಾ... ಚೀಲ ಹೊತ್ತ ಹೆಗಲು ಮಣ್ಣಾಯ್ತಲ್ಲಪ್ಪಾ..."

ಮೆಹರ ಕಣ್ಣು ಮುಚ್ಚಿ, ನನ್ನ ಅಳಿನ ಜೊತೆಗೇ ಮುಂದಕ್ಕೂ ಹಿಂದಕ್ಕೂ ತೂಗ್ತಿದ್ಲು. ಮುಖದ ಬಿಗಿ ಸಡಿಲ ಆಯ್ತಾ ಬಂತು. ಅವಳಿಗೆ ಹಗುರ ಆಯ್ತದೆ, ಒಂದು ತುತ್ತು ತಿಂತಾಳೆ ಅಂತ ನಂಗೆ ಆಸೆ ಹುಟ್ಟಿ, ಇನ್ನೂ ಗಟ್ಟಿಯಾಗಿ ಎತ್ಕಂಡೆ.

"ನನ್ನ ಎದೆಹಾಲು ಕುಡ್ದ ಕಂದಾ... ನಿನ್ನವ್ವ ಆಸ್ಪತ್ರೇಲಿದ್ರೆ ನನ್ನ ಎದೆ ಕಚ್ಚಿ ಮಲಗ್ತಿದ್ದ ಕಂದಾ..."

ಪಟ್ ಅಂತ ಅವಳ ಕೈ ನನ್ನ ಬಾಯ ಮೇಲೆ ಬಿತ್ತು. ಉಗುರು ಕೆನ್ನೆಗೆ ನಾಟ್ತು.

"ಬೇಡ ಅಕ್ಕ! ಬೇಡ, ನಿಲ್ಸು! ಯಾ ಅಲ್ಲಾ, ನಂಗೆ ಮರೆತೇ ಹೋಗಿತ್ತು. ನೀನು ಹಾಲು ಕುಡಿಸಿದ್ದೆ. ನಮ್ಮಲ್ಲಿ ಹಾಲು ಕುಡಿಸಿದೋಳೂ ತಾಯೀನೇ ಅಕ್ಕ. ನೀನು ಹೊರಗಿನೋಳಲ್ಲ."

"ಎಷ್ಟು ಅತ್ತೆ ನೀನು? ಎಷ್ಟು ಅತ್ತೆ? ಅವನಿಗೆ ಅಲ್ಲಿ ಏನಾಯ್ತೋ" ಅಂತ ಅವಳು ಕೇಳ್ತಾನೇ ಇದ್ಲು. ನನ್ನ ಬಾಯಿ ಮೇಲಿನ ಕೈ ತೆಗೀನೇ ಇಲ್ಲ. ಅವಳ ಬಾಯಿ ಅದುರೋದು ಕಂಡು ನಾನೂ ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. ಬಿಲ್ಕೀಸು ಟೀ ತರೋವರೆಗೂ ಅಂಗೇ ಕೂತಿದ್ದೋ.

ನಾನು ಮಾರಮ್ಮಂಗೆ ಕೈ ಮುಗಿಯೋಳು ಕಣವ್ವ. ಅವರ ಸಿಕ್ಷೆ ನನ್ನನ್ನ ಯಾಕೆ ಕಟ್ಟಾಕ್ಬೇಕು? ಹಜರತ್ರು ಯೋಳಿದ್ದೂ ನೆಪ್ಪೈತೆ. ಆದ್ರೂ ಮುದ್ದೆ ಕೋಲು ಕೈಗೆ ತಗಂಡಾಗ ದುಃಖ ಒತ್ತರಿಸ್ಕಂಡು ಬತ್ತದೆ, ಸೆರಗು ಬಾಯಿಗೆ ತುರುಕ್ಕೊಂಡು ನುಂಗ್ತೀನಿ. ಗೋಡೆ ಆಚೆ ಅವಳೂ ನುಂಗ್ತಿರ್ತಾಳೆ. ಸುಳ್ಳೇ ಇರ್ಬೋದು. ನಿಜ ಆಗಿದ್ರೆ? ಹೈದ ಅಲ್ಲಿ ಒಬ್ನೇ ಮಲಗವ್ನೆ.