ಅಕ್ಕನ ಬಾಯಿಯ ಪಾಠ

ನನ್ನದು ಬಾಯಿ ಜೋರು, ಬೀದಿಗೇ ಗೊತ್ತು. ಅಕ್ಕನದು ಹಾಗಲ್ಲ. ಇಷ್ಟು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ಗದರಿಸಿದ್ದೇ ಕಮ್ಮಿ. ಅಂಥವಳ ನಾಲಿಗೆಯಲ್ಲಿ ಗಡ್ಡೆಯಾಗಿ ಡಾಕ್ಟರು ಅದರ ಮುಕ್ಕಾಲು ಭಾಗ ತೆಗೆದರು. ಉಳಿದದ್ದು ಮೇಲೇಳದು. ಗಾಯ ಮಾಗಿ ಶಾಲೆಗೆ ಹೊರಟರೆ ಹೆಡ್‌ಮಾಸ್ಟರು, ಇನ್ನು ಲೈಬ್ರರಿಯಲ್ಲಿ ಕೂತುಬಿಡಿ ಎಂದರಂತೆ. ಪುಸ್ತಕಗಳ ಜೊತೆ ಮಾತಾಡಬೇಕಾಗಿಲ್ಲವಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಹಟ ಹಿಡಿದು ಒಂದು ಪಾಠಕ್ಕೆ ಅವಕಾಶ ಕೇಳಿದಳು. ಮಕ್ಕಳಿಗೆ ಅರ್ಥವಾದರೆ ತರಗತಿ, ಇಲ್ಲದಿದ್ದರೆ ಲೈಬ್ರರಿ ಎಂದು ಅವರು ಒಪ್ಪಿದರು. ನಾನೂ ಹೋದೆ, ಬಾಯಿ ಮುಚ್ಚಿಕೊಂಡು ಕೂರಬೇಕೆಂಬ ಷರತ್ತಿನ ಮೇಲೆ.

ಅಷ್ಟು ಪಾಠಗಳಿರುವಾಗ ಈ ಮಹಾರಾಯ್ತಿ ಆರಿಸಿಕೊಂಡದ್ದು ಇಂಗ್ಲಿಷಿನ ಸ್ವರ, ವ್ಯಂಜನ. ವ್ಯಂಜನಗಳಲ್ಲಿ ಅವಳಿಗೆ ಸರಿಯಾಗಿ ಬರುತ್ತಿದ್ದುದು ತುಟಿಯ ಪ, ಬ, ಮ, ಬಿಟ್ಟರೆ ಬರೀ ಉಸಿರಿನ ಹ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಳಲ್ಲ ಎಂದುಕೊಂಡೆ.

ಅಕ್ಕ ಬೋರ್ಡಿನ ಮೇಲೆ ಬರೆದಳು: ಅಕ್ಷರ ನೋಡಬೇಡಿ, ಉಸಿರು ನೋಡಿ. ಆಮೇಲೆ ಬಾಯಿ ತೆರೆದು ಆ, ಓ, ಊ ಎಂದಳು. ತಡೆಯಿಲ್ಲದೆ ಬಂತು. ಇಂಗ್ಲಿಷಿನ ಎರಡು, 'ಟೂ', ಎನ್ನಲು ಹೋದಳು; ಬರೀ 'ಊ' ಬಂತು. ಯಾರೋ ಕಿಸಕ್ಕೆಂದರು. ಅಕ್ಕ ಅವರಿಂದಲೇ 'ಟೂ' ಎನ್ನಿಸಿ, ನಾಲಿಗೆ ಎಲ್ಲಿ ತಾಗಿತೆಂದು ಸನ್ನೆಯಲ್ಲಿ ಕೇಳಿದಳು. ಮೇಲೆ ಅಂಗುಳಿಗೆ ಎಂದವು ಮಕ್ಕಳು. ಉಸಿರಿಗೆ ಬಾಯಿ ಅಡ್ಡ ಬಂದರೆ ವ್ಯಂಜನ, ದಾರಿ ಬಿಟ್ಟರೆ ಸ್ವರ ಎಂದು ಬರೆದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಡ್‌ಮಾಸ್ಟರು ಬಿಡುವವರೇ? ಸ್ವರ ಐದು ಎಂದು ಬಾಯಿಪಾಠ ಮಾಡಿಸಿದರೆ ಸಾಕಲ್ಲ, ನಿಮ್ಮ ಲೆಕ್ಕದಲ್ಲಿ ವೈ ಅಕ್ಷರ ಸ್ವರವೋ ವ್ಯಂಜನವೋ ಎಂದು ಕೇಳಿದರು. ಅಕ್ಕ 'ಮೈ' ಎಂಬ ಇಂಗ್ಲಿಷ್ ಪದ ಬರೆದು ಓದಿದಳು, ಕೊನೆ ಸ್ವಲ್ಪ ಮಸುಕಾದರೂ ತಿಳಿಯುವಂತೆ ಬಂತು. 'ಯೆಸ್' ಬರೆದಳು, ಮೊದಲಿನ ವೈಗೇ ನಾಲಿಗೆ ಮೇಲೇಳಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಮಿಸ್‌ಗೆ ಮೈ ಬರತ್ತೆ ಸಾರ್, ಅಲ್ಲಿ ವೈ ಸ್ವರ. ಯೆಸ್ ಬರಲ್ಲ, ಅಲ್ಲಿ ವ್ಯಂಜನ. ಅಕ್ಷರ ಒಂದೇ, ಕೆಲಸ ಎರಡು."

ಹೆಡ್‌ಮಾಸ್ಟರು ಕನ್ನಡಕ ಒರೆಸಿದರು. ಪಾಠವೇನೋ ಅರ್ಥವಾಯಿತು, ಆದರೂ ದಿನವಿಡೀ ಹೀಗೆಂದರೆ ನಿಮಗೇ ಕಷ್ಟ, ಲೈಬ್ರರಿಗೇ ಹೋಗಿ ಎಂದರು. ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ಕೇಳಲು ನಾನು ಎದ್ದೇಬಿಟ್ಟೆ. ಅಕ್ಕ ಕೈಯೆತ್ತಿ ನನ್ನನ್ನು ಕೂರಿಸಿದಳು. ಅವರೆದುರು ನಿಂತು ಬಾಯಿ ತೆರೆದಳು.

"ಹೋ... ಅ... ಅ."

ಅವಳ ಬಾಯಿಗೆ ಬಾರದ್ದನ್ನು ಇಡೀ ತರಗತಿ ತುಂಬಿ ಹೇಳಿತು.

"ಹೋಗಲ್ಲ."