ದಾನವ್ವನ ತಿಪ್ಪೆ ಮಾರಾಟಕ್ಕಿಲ್ಲ

ಉಣಕಲ್ ಕಡೆಯ ಹೊಸ ಬಡಾವಣೆಗಳ ಕೈತೋಟಗಳಿಗೆ ಸಗಣಿ ಗೊಬ್ಬರ ಒಯ್ಯುವ ಟ್ರ್ಯಾಕ್ಟರ್ ಮೇ ತಿಂಗಳ ಒಂದು ಮುಂಜಾನೆ ನೀಲಕಂಠಪ್ಪನ ಹಿತ್ತಲಿಗೆ ಬಂದಿತು. ಧಾರವಾಡದ ಪಶ್ಚಿಮಕ್ಕಿರುವ ಆ ಭತ್ತದ ಊರಿನಲ್ಲಿ ತಿಪ್ಪೆ ಮಾರುವುದು ಈಗ ರೂಢಿಯೇ ಆಗಿಬಿಟ್ಟಿದೆ. ಆದರೆ ಅಂದು ಅವನ ಹೆಂಡತಿ ದಾನವ್ವ ಸಲಿಕೆ ಹಿಡಿದು ತಿಪ್ಪೆಯ ಮುಂದೆ ನಿಂತಿದ್ದಳು.

"ಸರಿ ಆಕಡೆ, ಗಾಡಿ ತುಂಬಲಿ," ಎಂದ ನೀಲಕಂಠಪ್ಪ.

"ಸರಿಯಂಗಿಲ್ಲ! ವರ್ಷಪೂರ್ತಿ ಸಗಣಿ ಬುಟ್ಟಿ ಹೊತ್ತಾಕಿ ನಾನು. ಮಂದಿ ಗುಲಾಬಿ ಗಿಡಕ್ಕ ಹಬ್ಬದೂಟ, ನಮ್ಮ ಭತ್ತಕ್ಕ ಉಪವಾಸ ಏನ್ರಿ?"

"ಉಪವಾಸ ಅಂತ! ಹೋದ ವರ್ಷ ಎಕರೆಕ್ಕ ನಾಕು ಚೀಲ ಯೂರಿಯಾ ಉಣಿಸೇನಿ. ರಸ್ತಾದಾಗ ಹೋಗಾವ್ರು ಗಾಡಿ ನಿಂದ್ರಿಸಿ ನಮ್ಮ ಹಸರು ನೋಡತಿದ್ರು."

"ನೋಡಿದ್ರು, ಖರೇ. ಮಳಿ ಬಂದಾಗ ಬೆಳಿ ಚಾಪಿ ಹಾಸಿದಂಗ ಮಲಕೊಂಡಿದ್ದನ್ನೂ ನೋಡಿದ್ರು. ತೂರಾಕ ನಿಂತ್ರ ಅರ್ಧಕ್ಕರ್ಧ ಜೊಳ್ಳು ಹಾರಿ ಹೋತು!"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಭತ್ತ ಬೆಳೆಯುವ ಆ ಮನೆಯವರು ಯುಗಾದಿಯಿಂದ ಅಂಗಡಿಯ ಅಕ್ಕಿ ಕೊಂಡು ಉಣ್ಣುತ್ತಿದ್ದರು. ಇದಕ್ಕಿಂತ ನಾಚಿಕೆಗೇಡು ಬೇರೇನಿದೆ?

ಗದ್ದಲ ಕೇಳಿ, ರೈತರಿಗೆ ಬೇಸಾಯದ ಸಲಹೆ ಕೊಡುವ ಊರಿನ ಕೃಷಿ ಸಖಿ ಶಾಯಿಸ್ತಾ ಒಳಗೆ ಬಂದಳು. ಹಿಂದಿನ ತಿಂಗಳು ದಾನವ್ವ ಗಂಡನಿಗೆ ತಿಳಿಸದೆ ಪರೀಕ್ಷೆಗೆ ಕೊಟ್ಟಿದ್ದ ಹೊಲದ ಮಣ್ಣಿನ ಫಲಿತಾಂಶದ ಚೀಟಿ ಅವಳ ಒಂದು ಕೈಯಲ್ಲಿತ್ತು. ಇನ್ನೊಂದರಲ್ಲಿ ಅವರದೇ ಹೊಲದಿಂದ ಎತ್ತಿಕೊಂಡು ಬಂದ ಒಣ ಮಣ್ಣಿನ ಹೆಂಟೆ.

"ಕಾಕಾ, ಎರಡು ಗ್ಲಾಸ್ ನೀರು ತರ್ರಿ."

"ಚಾ ಬ್ಯಾಡೇನವಾ?"

"ಚಾ ಆಮ್ಯಾಲೆ. ಮೊದಲ ನಿಮ್ಮ ಮಣ್ಣಿಗೆ ಕುಡಸೋಣು."

ಹೊಲದ ಹೆಂಟೆಯನ್ನು ಒಂದು ಗ್ಲಾಸಿಗೂ, ತಿಪ್ಪೆಯ ಬದಿಯಲ್ಲಿ ಬಿದ್ದಿದ್ದ ಹಿತ್ತಲಿನ ಒಣ ಹೆಂಟೆಯನ್ನು ಇನ್ನೊಂದಕ್ಕೂ ಅವಳು ಮೆಲ್ಲಗೆ ಇಳಿಬಿಟ್ಟಳು. ಹೊಲದ್ದು ನೋಡುನೋಡುತ್ತಲೇ ಕುಸಿದು ರಾಡಿಯಾಯಿತು. ಹಿತ್ತಲಿನದು ಇಡಿಯಾಗಿ ಕುಳಿತಿತ್ತು.

"ಎರಡೂ ನಿಮ್ಮ ಮಣ್ಣ ಕಾಕಾ. ಸಗಣಿ ಕಂಡದ್ದು ತನ್ನ ಮೈ ತಾನು ಹಿಡಕೊಂಡೈತಿ. ಯೂರಿಯಾ ಬರೇ ಎಲಿ ಬೆಳಸ್ತೈತಿ. ಬೇರು ಇಳಿಯಾಕ ರಂಜಕ ಬೇಕು. ಕಾಂಡ ನಿಲ್ಲಾಕ, ಕಾಳು ತುಂಬಾಕ ಪೊಟ್ಯಾಷ್ ಬೇಕು. ಎಲಿ ಮ್ಯಾಲೆ ತುಕ್ಕಿನಂಥ ಚುಕ್ಕಿ ಕಂಡಾಗ ನೀವು ಮತ್ತ ಯೂರಿಯಾ ಉಗ್ಗಿದ್ರಿ. ಚೀಟಿ ನೋಡ್ರಿ, ಕಡಿಮಿ ಇದ್ದದ್ದು ಸತು."

"ಗೊಬ್ಬರದ ಅಂಗಡ್ಯಾವ ಹಂಗ ಹೇಳಿದ್ದ..."

"ಅಂವಾ ನಮ್ಮ ಹೊಲದಾಗ ಒಂದು ದಿನಾನಾದ್ರೂ ಕಾಲಿಟ್ಟಾನೇನ್ರಿ?" ದಾನವ್ವ ಸಿಡಿದಳು. "ಮಣ್ಣು ನಮ್ಮದು, ಮಾತು ಅವಂದು!"

ನೀಲಕಂಠಪ್ಪ ರಾಡಿಯ ಗ್ಲಾಸನ್ನು ಬಿಸಿಲಿಗೆ ಹಿಡಿದು ನೋಡಿದ. "ಹಂಗಾರ ಯೂರಿಯಾ ಪೂರಾ ಬಿಡಬೇಕೇನವಾ?"

"ಬಿಡೂದಲ್ಲ ಕಾಕಾ, ಅಳತಿ ಮ್ಯಾಲೆ ಹಾಕೂದು. ಚೀಟ್ಯಾಗ ಬರದಷ್ಟ. ಅದನ್ನೂ ಒಮ್ಮೆಲೇ ಅಲ್ಲ. ಕಳೆ ತಗದ ಮ್ಯಾಲೆ ಒಂದಿಷ್ಟು, ತೆನಿ ಕಟ್ಟೂ ಮುಂದ ಒಂದಿಷ್ಟು. ತಿಪ್ಪಿ ಗೊಬ್ಬರ ಮಾತ್ರ ಬಿತ್ತೂಕಿಂತ ಎರಡು-ಮೂರು ವಾರ ಮೊದಲ ಹೊಲಾ ಸೇರಬೇಕು."

ನೀಲಕಂಠಪ್ಪ ಗ್ಲಾಸನ್ನು ಕೆಳಗಿಟ್ಟ. ಟ್ರ್ಯಾಕ್ಟರ್ ಚಾಲಕನತ್ತ ತಿರುಗಿದ. "ತಮ್ಮಾ, ಗಾಡಿ ಹೊಳ್ಳಿಸು."

"ಯಾಕ ಹೊಳ್ಳಸ್ತೀರಿ?" ದಾನವ್ವ ಸಲಿಕೆಯನ್ನು ಗಂಡನ ಕೈಗೇ ಕೊಟ್ಟಳು. "ಬಾಡಗಿ ಕೊಟ್ರಾತು. ತುಂಬ್ರಿ, ನಮ್ಮ ಹೊಲಕ್ಕ ಹೊಡಸ್ರಿ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಿನ ತಿಪ್ಪೆ ಈ ಬೇಸಿಗೆಯಲ್ಲಿ ಯಾರ ತೋಟಕ್ಕೆ ಹೊರಟಿದೆ? ಅದನ್ನು ತಡೆಯಿರಿ. ಹೊಲದ ಐದಾರು ಕಡೆ ಅಗೆದು ಕೂಡಿಸಿದ ಅರ್ಧ ಕಿಲೋ ಮಣ್ಣನ್ನು ಮಳೆಗಾಲಕ್ಕೆ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. ಯಾವ ಗೊಬ್ಬರ, ಎಷ್ಟು ಎಂಬುದನ್ನು ಆ ಚೀಟಿಯಿಂದ ತಿಳಿಯಿರಿ. ರಸ್ತೆಯಲ್ಲಿ ನಿಂತು ನಿಮ್ಮ ಹಸಿರನ್ನು ಹೊಗಳಿದವರು ಯಾರೂ ನಿಮ್ಮ ಮನೆಗೆ ಅಕ್ಕಿ ತಂದುಕೊಡುವುದಿಲ್ಲ.